ಹಜ್ಜಿಯಾ ಕತ್ತಿನ ಬೀಗದ ಕೈ

ಜುಲೈ ೨೬, ೧೯೯೦

ಮನೆಯವರೆಲ್ಲ ಇವತ್ತು ಲಂಡನ್ನಿಗೆ ಹೋದರು. ಸೆಖೆ ಏರಿದ ಕೂಡಲೇ ಈ ಕುವೈತಿನಲ್ಲಿ ಹಣವಿದ್ದವರು ಯಾರೂ ನಿಲ್ಲುವುದಿಲ್ಲ. ನಡೆಯಲಾಗದ ಮುದುಕರು, ಅವರನ್ನು ಎತ್ತಿ ಕೂರಿಸುವ ನಮ್ಮಂಥವರು, ಇಷ್ಟು ಜನ ಏಸಿ ಹಾಕಿಕೊಂಡು ಉಳಿಯುತ್ತೇವೆ. ಅರ್ದಿಯಾದ ಈ ದೊಡ್ಡ ಮನೆಯಲ್ಲಿ ಈಗ ಇರುವುದು ನಾನು, ಡ್ರೈವರ್ ಬಶೀರ್ ಭಾಯಿ, ಮತ್ತು ಬಾಬಾ ಜಾಸಿಮರ ತಾಯಿ ಹಜ್ಜಿಯಾ ಅವರು.

ಬಾಬಾ ಎಂದರೆ ಅಪ್ಪ, ಮಾಮಾ ಎಂದರೆ ಅಮ್ಮ. ಸಂಬಳ ಕೊಡುವವರನ್ನು ಇಲ್ಲಿ ಹಾಗೆಯೇ ಕರೆಯಬೇಕು. ಮಾಮಾ ನೂರಿಯಾ ನನಗಿಂತ ಎಷ್ಟೋ ಚಿಕ್ಕವಳು. ಮೊದಮೊದಲು ಕರೆಯುವಾಗ ನಾಚಿಕೆಯಾಗುತ್ತಿತ್ತು, ಈಗ ನಾಲಿಗೆಗೆ ರೂಢಿಯಾಗಿದೆ. ನಾವು ಏನು ಕೇಳಿದರೂ ಅವಳದ್ದು ಒಂದೇ ಉತ್ತರ, ‘ಸಬ್ರ್’. ತಾಳ್ಮೆ ಇರಲಿ ಎಂದರ್ಥ. ತಾಳ್ಮೆ ಎಲ್ಲ ಕೆಲಸದವರಿಗೇ ಬೇಕು, ಮನೆಯವರಿಗೆ ಬೇಡ.

ಬ್ಯಾಂಕಿನವರು ಬಾಬಾಗೆ ಕೊಟ್ಟ ಈ ಡೈರಿ ಕಸದ ಬುಟ್ಟಿಯಲ್ಲಿತ್ತು. ಮಾಮಾಗೆ ಇಂಗ್ಲಿಷ್ ಬರುತ್ತದೆ, ಬಶೀರ್ ಭಾಯಿಗೆ ಉರ್ದು. ಕನ್ನಡ ಓದುವವಳು ಈ ಮನೆಯಲ್ಲಿ ನಾನೊಬ್ಬಳೇ. ಆದ್ದರಿಂದ ಇಲ್ಲಿ ಏನು ಬೇಕಾದರೂ ಬರೆಯಬಹುದು.

ಹಜ್ಜಿಯಾ ಅವರಿಗೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ನಾಲಿಗೆ ಮಾತ್ರ ಗಟ್ಟಿ. ದಿಂಬಿನ ಬಳಿ ಒಂದು ಹಿತ್ತಾಳೆಯ ಗಂಟೆ ಇಟ್ಟುಕೊಂಡಿದ್ದಾರೆ. ಅದು ಕೇಳಿದರೆ ನಾನು ಬಚ್ಚಲಲ್ಲಿದ್ದರೂ ಓಡಬೇಕು. ಆದರೂ ನನಗೆ ಅವರ ಮೇಲೆ ಪ್ರೀತಿ ಉಂಟು. ಬೆಳಿಗ್ಗೆ ಏಲಕ್ಕಿ ಹಾಕಿದ ಖಾವಾ ಮಾಡಿಕೊಟ್ಟರೆ ಮೊದಲ ಕಪ್ಪು ನನಗೇ ಕುಡಿಸುತ್ತಾರೆ. ನಾನು ಬಂದಂದಿನಿಂದ ಅವರ ಬೆನ್ನಿನಲ್ಲಿ ಒಂದು ಹುಣ್ಣು ಎದ್ದಿಲ್ಲ. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಿ, ಪೌಡರ್ ಹಾಕಿ, ಹಾಸಿಗೆಯ ಸುಕ್ಕು ಬಿಡಿಸುತ್ತೇನೆ. ನೋಡಲು ಬರುವ ಡಾಕ್ಟರು ಕೂಡ ಅದನ್ನು ಹೊಗಳುತ್ತಾರೆ. ನನಗೂ ಒಂದು ಹೆಮ್ಮೆ ಬೇಡವೇ.

ಆಗಸ್ಟ್ ೩

ಇರಾಕಿನವರು ನಿನ್ನೆ ಬೆಳಗಾಗುವುದರೊಳಗೆ ಊರಿಗೆ ನುಗ್ಗಿದ್ದಾರೆ. ಹೆದ್ದಾರಿಯಲ್ಲಿ ಟ್ಯಾಂಕುಗಳು. ಫೋನು ಹೊರದೇಶಕ್ಕೆ ಹೋಗುವುದಿಲ್ಲ. ಹಜ್ಜಿಯಾ ಅವರಿಗೆ ಏನು ಹೇಳಲಿ ಎಂದು ಗೊತ್ತಾಗದೆ, ಏನೋ ಮೆರವಣಿಗೆ ಎಂದೆ. ಅವರು ನನ್ನ ಕೆನ್ನೆ ಸವರಿ, “ಕರ್ಮಲ್, ನಿನಗೆ ಸುಳ್ಳು ಹೇಳಲು ಬರುವುದಿಲ್ಲ” ಎಂದರು. ಇಬ್ಬರೂ ಅತ್ತೆವು.

ಆಗಸ್ಟ್ ೧೦

ಬಶೀರ್ ಭಾಯಿ ಬಾಬಾರ ದೊಡ್ಡ ಕಾರು ತೆಗೆದುಕೊಂಡು ಓಡಿಹೋದ. ಬೆಳಿಗ್ಗೆ ಬ್ರೆಡ್ ತರುತ್ತೇನೆ ಎಂದು ಹೋದವನು. ನನಗೆ ಒಂದು ಮಾತು ಹೇಳಬಹುದಿತ್ತು.

ಆಗಸ್ಟ್ ೨೨

ಕಮಲಾಕ್ಷಣ್ಣ ಬಂದಿದ್ದರು. ಕಾರ್ಕಳದ ಕಡೆಯವರು, ಇಲ್ಲೇ ಅರ್ದಿಯಾದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಖೈತಾನಿನ ಶಾಲೆಯ ಎದುರಿನಿಂದ ನಮ್ಮವರ ಬಸ್ಸುಗಳು ಹೊರಡುತ್ತಿವೆಯಂತೆ. ಬಸ್ರಾ, ಬಾಗ್ದಾದ್ ದಾಟಿ ಅಮ್ಮಾನ್ ತಲುಪಿದರೆ ಅಲ್ಲಿಂದ ಬೊಂಬಾಯಿಗೆ ವಿಮಾನ. ನನ್ನ ಹೆಸರೂ ಸೇರಿಸುತ್ತೇನೆ ಎಂದರು. ಎದುರು ಮನೆಯ ಕುವೈತಿ ಹೆಂಗಸನ್ನೂ ಕೇಳಿ ಬಂದಿದ್ದಾರೆ, ಹಜ್ಜಿಯಾ ಅವರನ್ನು ಅವಳು ನೋಡಿಕೊಳ್ಳುತ್ತಾಳಂತೆ.

ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿದರು. ಅದೆಲ್ಲಿ ಇರುತ್ತದೆ? ಇಳಿದ ದಿನವೇ ವಿಮಾನ ನಿಲ್ದಾಣದಲ್ಲಿ ಬಾಬಾ ಕೈಚಾಚಿದರು, ನಾನು ಕೊಟ್ಟೆ. ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್ ಎಂದಮೇಲೆ ಪಾಸ್‌ಪೋರ್ಟ್ ಅವನ ಬಳಿಯೇ ಇರಬೇಕು. ಬಾಬಾರ ಕೋಣೆಯ ಗೋಡೆಯೊಳಗೆ ಕಬ್ಬಿಣದ ಪೆಟ್ಟಿಗೆ ಉಂಟು. ಅದಕ್ಕೊಂದು ಬೀಗ. ಹಜ್ಜಿಯಾ ಅವರ ಕತ್ತಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಬೀಗದ ಕೈ ಒಂದು ಉಂಟು. ಸ್ನಾನ ಮಾಡಿಸುವಾಗಲೂ ಅದನ್ನು ಬಿಚ್ಚಲು ಬಿಡುವುದಿಲ್ಲ. ಇಷ್ಟು ವರ್ಷ ಅದು ಯಾವುದರದ್ದೆಂದು ನಾನು ಕೇಳಿರಲಿಲ್ಲ.

ಆಗಸ್ಟ್ ೨೩

ಕೇಳಿದೆ. ಅವರು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದರು. “ಹೌದು, ಪೆಟ್ಟಿಗೆಯದ್ದೇ. ನನ್ನ ಮಗ ಬರಲಿ, ಅವನೇ ತೆಗೆದು ಕೊಡುತ್ತಾನೆ.”

ಮಗ ಯಾವಾಗ ಬರುವುದು ಎಂದು ಕೇಳಿದೆ. “ಸಬ್ರ್” ಎಂದರು.

ಸೆಪ್ಟೆಂಬರ್ ೫

ಅಡುಗೆ ಮಾಡಿದೆ, ತಿನ್ನಿಸಿದೆ, ತೊಳೆದೆ. ಮತ್ತೆ ಕೇಳಿದೆ. ಕೊಡುವುದಿಲ್ಲವಂತೆ. ನಾನು ಬಲವಂತವಾಗಿ ಕಿತ್ತುಕೊಂಡರೆ ಅದು ಕಳ್ಳತನವಂತೆ, ಮಗ ಬಂದಮೇಲೆ ಕೈ ಕಡಿಸುತ್ತಾನಂತೆ. ಆ ದಾರ ಎಷ್ಟು ಗಟ್ಟಿ ಎಂದು ನನಗೆ ಗೊತ್ತು, ಒಂದು ಬೆರಳಿನಿಂದ ಎಳೆದರೆ ಸಾಕು. ಆದರೆ ನಾನು ಅಂಥವಳಲ್ಲ. ಇಷ್ಟು ವರ್ಷದಲ್ಲಿ ಈ ಮನೆಯ ಒಂದು ಚಮಚ ಸಕ್ಕರೆ ನಾನು ಕೇಳದೆ ಮುಟ್ಟಿಲ್ಲ. ಅವಳೇ ಕೈಯಾರೆ ಕೊಡಬೇಕು. ಕೈಯಾರೆ ಕೊಟ್ಟರೆ ಅದು ಅಪ್ಪಣೆ, ನಾಳೆ ಯಾರೂ ನನ್ನನ್ನು ಕಳ್ಳಿ ಎನ್ನುವ ಹಾಗಿಲ್ಲ.

ಸೆಪ್ಟೆಂಬರ್ ೧೪

ಕಮಲಾಕ್ಷಣ್ಣ ಇವತ್ತು ಹೊಸ ಸುದ್ದಿ ತಂದರು. ಪಾಸ್‌ಪೋರ್ಟ್ ಇಲ್ಲದಿದ್ದರೂ ಹೋಗಬಹುದಂತೆ. ಒಂದು ಫೋಟೋ ಕೊಟ್ಟರೆ ನಮ್ಮವರು ಒಂದು ಕಾಗದ ಮಾಡಿಕೊಡುತ್ತಾರಂತೆ, ಅದನ್ನು ತೋರಿಸಿದರೆ ಸಾಕಂತೆ.

ನನಗೆ ನಗು ಬಂತು. ಮೂರು ವರ್ಷದ ಹಿಂದೆ ಶಿರ್ವದಲ್ಲಿ ನನ್ನ ಅಮ್ಮ ತೀರಿಕೊಂಡಾಗ ನಾನು ಈ ಮನೆಯ ನೆಲದ ಮೇಲೆ ಬಿದ್ದು ಪಾಸ್‌ಪೋರ್ಟ್ ಕೇಳಿದ್ದೆ. ಬಾಬಾ ಯಾವುದೋ ಕೆಲಸದಲ್ಲಿದ್ದರು, ಮಾಮಾ ಸಬ್ರ್ ಎಂದಳು. ನಾನು ಊರು ತಲುಪುವಾಗ ತಿಂಗಳ ಪೂಜೆಯೂ ಮುಗಿದಿತ್ತು. ಆಗ ಇಲ್ಲದ ಕಾಗದ ಈಗ ಎಲ್ಲಿಂದ ಹುಟ್ಟಿತು?

“ಬಾಯಮ್ಮ, ಆಗ ಕಫೀಲ ಇದ್ದ, ಪೊಲೀಸ್ ಇತ್ತು. ಈಗ ಎಂತ ಉಂಟು ಇಲ್ಲಿ? ಖಲಾಸ್. ಸುಮ್ಮನೆ ಬಂದು ಬಸ್ಸಿಗೆ ಕೂತುಕೊಳ್ಳಿ” ಎಂದರು ಕಮಲಾಕ್ಷಣ್ಣ.

“ಗಡಿಯಲ್ಲಿ ಇಳಿಸಿದರೆ ನೀವು ಬರ್ತೀರಾ ಬಿಡಿಸ್ಲಿಕ್ಕೆ? ನನ್ನ ಹೆಸರು ಮುಂದಿನ ಬಸ್ಸಿಗೆ ಹಾಕಿ. ಅವಳು ಬೀಗದ ಕೈ ಕೊಡ್ತಾಳೆ” ಎಂದೆ.

ಕಾಗದ ನಂಬಿ ಹೋದವರು ಮರುಭೂಮಿಯಲ್ಲಿ ಸಿಕ್ಕಿಬೀಳುತ್ತಾರೆ, ನೋಡುತ್ತಿರಲಿ. ನಾನು ಇಲ್ಲಿಗೆ ನಿನ್ನೆ ಬಂದವಳಲ್ಲ.

ಸೆಪ್ಟೆಂಬರ್ ೧೮

ಸೌದಿಯ ಗಡಿ ತೆರೆದಿದೆಯಂತೆ, ಎದುರು ಮನೆಯವರು ಹೊರಟರು. ಆ ಹೆಂಗಸು ಬಂದು ಹಜ್ಜಿಯಾಳನ್ನು ತಮ್ಮ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದಳು. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಲು ಜಾಗ ಮಾಡಿದ್ದಳು. ಹಜ್ಜಿಯಾಳಿಗೆ ಜ್ವರ, ದಾರಿಯಲ್ಲಿ ಸಾಯುತ್ತಾಳೆ ಎಂದು ನಾನು ಬಾಗಿಲಿನಿಂದಲೇ ಕಳಿಸಿದೆ.

ಇವಳು ಹೋದರೆ ಬೀಗದ ಕೈಯೂ ಸೌದಿಗೆ ಹೋಗುತ್ತದೆ. ನಾನು ಮತ್ತೆ ಏನು ಮಾಡುವುದು?

ಸೆಪ್ಟೆಂಬರ್ ೨೧

ಖಾವಾ ನಿಲ್ಲಿಸಿದೆ. ಏಲಕ್ಕಿ ಮುಗಿಯಿತು ಎಂದು ಹೇಳಿದ್ದೇನೆ. ಡಬ್ಬಿಯಲ್ಲಿ ಇನ್ನೂ ಉಂಟು. ನನ್ನ ಪಾಲಿನದನ್ನು ಅಡುಗೆಮನೆಯಲ್ಲಿ ಕುಡಿಯುತ್ತೇನೆ. ವಾಸನೆ ಅವಳ ಕೋಣೆಗೆ ಹೋಗುತ್ತದೆಯೋ ಏನೋ, ಬಾಗಿಲ ಕಡೆಗೇ ನೋಡುತ್ತಿರುತ್ತಾಳೆ.

ರೋಜರಿ ಮುಗಿಸಿ ಮನಸ್ಸಿನಲ್ಲೇ ವಿಚಾರ ಮಾಡಿದೆ. ಕದಿಯಬಾರದು ಎಂದು ದೇವರ ಆಜ್ಞೆಯಲ್ಲಿ ಉಂಟು. ಖಾವಾ ಕೊಡಲೇಬೇಕು ಎಂದು ಎಲ್ಲೂ ಇಲ್ಲ.

ಸೆಪ್ಟೆಂಬರ್ ೨೭

ಗಂಟೆಯನ್ನು ತೆಗೆದು ಮೇಲಿನ ಕಪಾಟಿನಲ್ಲಿಟ್ಟೆ. ಸದ್ದು ಕೇಳಿ ಸೈನಿಕರು ಬಂದಾರು. ಈಗ ಅವಳು ಗೋಡೆಗೆ ಬಡಿಯುತ್ತಾಳೆ. ಮೊದಲ ಬಡಿತಕ್ಕೇ ನನ್ನ ಕಾಲು ಎದ್ದು ನಿಲ್ಲುತ್ತದೆ. ಹಾಳು ಕಾಲು. ಅದನ್ನೂ ಗದರಿಸಿ ಕೂರಿಸಬೇಕಾಗಿದೆ.

ಅಕ್ಟೋಬರ್ ೨

ಬಟ್ಟೆ ಒದ್ದೆಯಾಗಿದೆ ಎಂದು ಕರೆದಳು. “ಸಬ್ರ್” ಎಂದೆ. ಮೊದಲ ಸಲ ಆ ಮಾತು ನನ್ನ ಬಾಯಲ್ಲಿ ಬಂದದ್ದು. ಎಷ್ಟು ಚಿಕ್ಕ ಮಾತು, ಎಷ್ಟು ಕೆಲಸ ಉಳಿಸುತ್ತದೆ.

ಅಕ್ಟೋಬರ್ ೬

ಕಮಲಾಕ್ಷಣ್ಣ ನಾಳೆ ಹೊರಡುತ್ತಾರೆ. ಇದು ಕೊನೆಯ ಬಸ್ಸಂತೆ, ಅಮ್ಮಾನಿನಿಂದ ವಿಮಾನಗಳೂ ಮುಗಿಯುತ್ತಾ ಬಂದಿವೆಯಂತೆ. ಒಂದು ಮೂಟೆ ಅಕ್ಕಿ, ಬೇಳೆ, ಗೋದಾಮಿನ ಬೀಗದ ಕೈ ನನಗೆ ಕೊಟ್ಟರು. ನೋಡಿ, ನಾನು ಕೇಳದೆಯೇ ಅವರು ಕೊಟ್ಟರು. ಒಳಗೆ ಹೋಗಿ ಹಜ್ಜಿಯಾಳನ್ನು ನೋಡಿ ಬಂದರು.

“ಬಾಯಮ್ಮ, ಅವರಿಗೆ ನೀರಾದ್ರೂ ಸರಿ ಕೊಡ್ತೀರಾ?” ಎಂದರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ಜನ ಓಡಿಹೋದರು. ಮಗ ಬಿಟ್ಟುಹೋದ, ಸೊಸೆ ಬಿಟ್ಟುಹೋದಳು. ನಿಂತು ನೋಡಿಕೊಳ್ಳುತ್ತಿರುವವಳು ನಾನು. ಕೇಳುವುದು ನನ್ನನ್ನು!

ಎರಡು ದಿನ ತಡೆಯಿರಿ, ಕೊಟ್ಟೇ ಕೊಡುತ್ತಾಳೆ ಎಂದೆ. ಬಸ್ಸು ನನ್ನ ಮಾತು ಕೇಳಿ ನಿಲ್ಲುತ್ತದೆಯೇ ಎಂದು ಹೇಳಿ ಹೋದರು.

ಅಕ್ಟೋಬರ್ ೯

ಕೊಟ್ಟಳು.

ನೀರಿನ ಲೋಟವನ್ನು ಅವಳಿಗೆ ಕಾಣುವ ಹಾಗೆ ಕಿಟಕಿಯಲ್ಲಿಟ್ಟು ಪಕ್ಕದಲ್ಲಿ ಕುರ್ಚಿ ಹಾಕಿ ಕೂತಿದ್ದೆ. ನಾನು ಒಂದು ಮಾತೂ ಆಡಲಿಲ್ಲ, ಕೈ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾನೇ ದಾರವನ್ನು ತಲೆಯ ಮೇಲಿಂದ ತೆಗೆದು ಚಾಚಿದಳು. ಎರಡು ಲೋಟ ನೀರು ಕುಡಿಸಿ, ಬಾಯಿ ಒರೆಸಿ, ಬಾಬಾರ ಕೋಣೆಗೆ ಓಡಿದೆ.

ಅದು ಹೊಂದುವುದಿಲ್ಲ. ತೂತಿನೊಳಗೆ ಹೋಗುವುದೇ ಇಲ್ಲ. ಇದು ಉದ್ದದ, ತುಕ್ಕು ಹಿಡಿದ ಬೀಗದ ಕೈ, ಯಾವುದೋ ಹಳೆಯ ಮರದ ಬಾಗಿಲಿನದ್ದು. ಇಷ್ಟು ದಿನ ಕಣ್ಣೆದುರಿಗೇ ಇದ್ದದ್ದನ್ನು ನಾನು ಸರಿಯಾಗಿ ನೋಡಿರಲಿಲ್ಲ. ತಿರುಗಿಸಿ, ಒತ್ತಿ, ಎಣ್ಣೆ ಹಾಕಿ, ಕೊನೆಗೆ ಅಲ್ಲೇ ನೆಲದಲ್ಲಿ ಕೂತು ಅತ್ತೆ.

ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದರೆ ಅವಳು ಗೋಡೆಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು.

“ನೀನು ಹೋದರೆ ನನಗೆ ನೀರು ಕೊಡುವವರು ಯಾರು?”

ಅಕ್ಟೋಬರ್ ೧೦

ಖೈತಾನಿಗೆ ನಡೆದು ಹೋದೆ. ಶಾಲೆಯ ಎದುರು ಯಾರೂ ಇಲ್ಲ. ಚಪ್ಪಲಿ, ಒಡೆದ ಸೂಟ್‌ಕೇಸು, ಬಾಳೆಹಣ್ಣಿನ ಸಿಪ್ಪೆ. ಅಲ್ಲೇ ಉಳಿದಿದ್ದ ಒಬ್ಬ ಬ್ಯಾರಿ ಮುದುಕ ಹೇಳಿದ, ಕಾಗದ ಹಿಡಿದು ಹೋದವರನ್ನು ಗಡಿಯಲ್ಲಿ ಯಾರೂ ತಿರುಗಿಯೂ ನೋಡಲಿಲ್ಲವಂತೆ. ಎಲ್ಲರೂ ಮನೆ ತಲುಪಿದ್ದಾರಂತೆ.

ಇದೆಲ್ಲ ಆ ಮುದುಕಿಯಿಂದ.

ನವೆಂಬರ್ ೩೦

ಬರೆಯಲು ಏನೂ ಇಲ್ಲ. ಸೈನಿಕರು ಬಂದು ಟಿವಿ, ಫ್ರಿಜ್, ರತ್ನಗಂಬಳಿ ಕೊಂಡುಹೋದರು. ಅವರಲ್ಲಿ ಒಬ್ಬ, ಮನೆಯ ಯಜಮಾನಿ ಯಾರು ಎಂದು ಮುದುಕಿಯನ್ನು ಕೇಳಿದ. ಅವಳು ಹೆದರಿ ನನ್ನನ್ನು ತೋರಿಸಿದಳು. ಅವನು ನಕ್ಕ. ನಾನು ನಗಲಿಲ್ಲ.

ಡಿಸೆಂಬರ್ ೨೫

ಕ್ರಿಸ್ಮಸ್. ನೂರಿಯಾಳ ಕೋಣೆಯಲ್ಲಿ ಮಲಗಲು ತೊಡಗಿ ತುಂಬ ದಿನವಾಯಿತು, ನನ್ನ ಕೋಣೆಯಲ್ಲಿ ಚಳಿ. ಇವತ್ತು ಅವಳ ನೀಲಿ ರೇಷ್ಮೆ ಗೌನು ಹಾಕಿಕೊಂಡೆ, ಸೊಂಟದಲ್ಲಿ ಸ್ವಲ್ಪ ಬಿಗಿ. ಗೋದಾಮಿನಿಂದ ತಂದ ಒಣದ್ರಾಕ್ಷಿ ಹಾಕಿ ಕೇಕಿನಂಥದ್ದೇನೋ ಮಾಡಿದೆ. ಮುದುಕಿಗೂ ಒಂದು ತುಂಡು ಕೊಟ್ಟೆ. ಹಬ್ಬವಲ್ಲವೇ.

ಏನು ಬೇಕಿದ್ದರೂ ‘ಮಾಮಾ’ ಎಂದು ಕರೆದು ಕೇಳಬೇಕು ಎಂದು ಅವಳಿಗೆ ಕಲಿಸುತ್ತಿದ್ದೇನೆ. ಕರ್ಮಲ್ ಎಂದರೆ ನನಗೆ ಕೇಳಿಸುವುದಿಲ್ಲ. ಈ ವಯಸ್ಸಿನಲ್ಲಿ ಕಲಿಯುವುದು ನಿಧಾನ. ಇವತ್ತು ಸಂಜೆ ಹೇಳಿದಳು. ಮೊದಲು ನಾಚಿಕೆಯಾಗುತ್ತದೆ, ಆಮೇಲೆ ರೂಢಿಯಾಗುತ್ತದೆ, ನನಗೆ ಗೊತ್ತು.

ಜನವರಿ ೧೮, ೧೯೯೧

ಬಾಂಬು. ಮಾಮಾ ಮಾಮಾ ಎಂದು ಕೂಗುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ನನಗೂ ಒಬ್ಬಳೇ ಇರಲು ಹೆದರಿಕೆ.

ಫೆಬ್ರುವರಿ ೯

ಬೆನ್ನಿನಲ್ಲಿ ಹುಣ್ಣಾಗಿದೆ. ವಾಸನೆ. ಒಬ್ಬಳೇ ಎಷ್ಟು ಸಲ ಮಗ್ಗುಲು ಬದಲಿಸುವುದು, ನನಗೂ ಸೊಂಟ ಉಂಟು.

ಫೆಬ್ರುವರಿ ೨೪

ಕರೆಂಟು ಹೋಯಿತು. ನಲ್ಲಿಯಲ್ಲಿ ನೀರಿಲ್ಲ, ಮಾಳಿಗೆಯ ಟ್ಯಾಂಕಿನಲ್ಲಿ ಇರುವಷ್ಟೇ. ತೈಲಬಾವಿಗಳಿಗೆ ಬೆಂಕಿ ಕೊಟ್ಟಿದ್ದಾರಂತೆ, ನಡುಹಗಲಿನಲ್ಲೂ ಆಕಾಶ ಕಪ್ಪು. ನನ್ನ ಕೋಣೆಯ ಬಾಗಿಲು ಹಾಕಿಕೊಂಡಿದ್ದೇನೆ.

ಫೆಬ್ರುವರಿ ೨೫

ಬೆಳಿಗ್ಗೆಯಿಂದ ಗೋಡೆಗೆ ಬಡಿಯುತ್ತಿದ್ದಾಳೆ. ಅಭ್ಯಾಸವಾಗಿದೆ, ಕಾಲು ಈಗ ಏಳುವುದಿಲ್ಲ. ಮಧ್ಯಾಹ್ನ ನಿಂತಿತು. ಒಳ್ಳೆಯದಾಯಿತು, ಸ್ವಲ್ಪ ಕಣ್ಣು ಹತ್ತಿತು.

ಫೆಬ್ರುವರಿ ೨೬

ಹೊರಗೆ ಜನ ಕುಣಿಯುತ್ತಿದ್ದಾರೆ. ಇರಾಕಿನವರು ಓಡಿಹೋದರಂತೆ.

ಹಜ್ಜಿಯಾ ತೀರಿಕೊಂಡಿದ್ದಾಳೆ. ನೀರು ಇಡದೆ ಇರಲಿಲ್ಲ, ಜಗ್ಗಿನ ತುಂಬ ಇತ್ತು, ಬಾಗಿಲ ಬಳಿ. ಅವಳ ಕೈ ಅಲ್ಲಿಯವರೆಗೆ ಎಟುಕಲಿಲ್ಲವೋ ಏನೋ. ಮೈ ತೊಳೆದು, ಹೊಸ ಹಾಸು ಹಾಕಿ, ಗಂಟೆಯನ್ನು ದಿಂಬಿನ ಬಳಿ ಮೊದಲಿನಂತೆ ಇಟ್ಟೆ. ಕೇರಿಯ ಗಂಡಸರು ಬಂದು ಎತ್ತಿಕೊಂಡು ಹೋದರು. ಅಳು ಬಂತು, ನಿಜವಾಗಿಯೂ ಬಂತು.

ಮೇ ೧೯

ಬಾಬಾ ಮತ್ತು ಮಾಮಾ ಬಂದರು. ಬಾಬಾ ನನ್ನ ಎರಡೂ ಕೈ ಹಿಡಿದು ಅತ್ತರು. ಎಲ್ಲರೂ ಓಡಿಹೋದಾಗ ನೀನೊಬ್ಬಳು ನಿಂತೆ, ನೀನು ನನ್ನ ತಂಗಿ ಎಂದರು. ಸಂಜೆ ನೆಂಟರು ಸೇರಿದಾಗಲೂ ಅದನ್ನೇ ಹೇಳಿದರು. ಹಜ್ಜಿಯಾ ಅವರು ಕೊನೆಗೆ ಏನು ಹೇಳಿದರು ಎಂದು ಎಲ್ಲರೂ ಕೇಳುತ್ತಿದ್ದರು. ಮಗನ ಹೆಸರು ಹೇಳಿದರು ಎಂದೆ. ಸುಳ್ಳು ಹೇಳಲು ಈಗ ನನಗೆ ಚೆನ್ನಾಗಿಯೇ ಬರುತ್ತದೆ.

ಕಬ್ಬಿಣದ ಪೆಟ್ಟಿಗೆಯನ್ನು ಬಾಬಾ ನನ್ನ ಎದುರಿಗೇ ತೆರೆದರು. ಅದರ ಬೀಗದ ಕೈ ಅವರ ಕಾರಿನ ಕೀ ಗೊಂಚಲಿನಲ್ಲೇ ಇತ್ತು, ಲಂಡನ್ನಿಗೆ ಹೋಗಿ ಬಂದಿದೆ. ಒಳಗೆ ಮಾಮಾಳ ಒಡವೆ, ಮನೆಪತ್ರ. ನನ್ನ ಪಾಸ್‌ಪೋರ್ಟ್ ಅಲ್ಲಿರಲೇ ಇಲ್ಲ. ಇಕಾಮಾ, ಅಂದರೆ ನನ್ನ ವಾಸದ ಪರವಾನಗಿ, ನವೀಕರಿಸಲು ಜುಲೈನಲ್ಲೇ ಏಜೆಂಟನಿಗೆ ಕೊಟ್ಟಿದ್ದರಂತೆ, ಅವನ ಆಫೀಸು ಸುಟ್ಟುಹೋಗಿದೆ. ಹೊಸತು ಮಾಡಿಸೋಣ, ಅದೇನು ದೊಡ್ಡ ವಿಷಯ ಎಂದರು.

ಹಜ್ಜಿಯಾ ಅವರೇ ಕೊಟ್ಟದ್ದು ಎಂದು ನಾನು ತೋರಿಸಿದ ತುಕ್ಕು ಹಿಡಿದ ಬೀಗದ ಕೈ ನೋಡಿ ಬಾಬಾ ಮತ್ತೆ ಅತ್ತರು. ಅದು ಹಜ್ಜಿಯಾ ಅವರು ಮದುವೆಯಾಗಿ ಬಂದ, ಸಮುದ್ರದ ಬದಿಯ ಮಣ್ಣಿನ ಮನೆಯ ಬಾಗಿಲಿನದ್ದಂತೆ. ಎಣ್ಣೆಯ ಹಣ ಬಂದ ಕಾಲಕ್ಕೆ ಸರಕಾರದವರು ಆ ಕೇರಿಯನ್ನೇ ಕೆಡವಿ ರಸ್ತೆ ಮಾಡಿದ್ದಾರೆ. ಅಮ್ಮ ಅದನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ನಿನಗೆ ಕೊಟ್ಟಿದ್ದಾರೆ ಎಂದರೆ ನಿನ್ನ ಮೇಲೆ ಎಷ್ಟು ಪ್ರೀತಿ ಇರಬೇಕು ಎಂದು ಬಾಬಾ ತಾವೇ ಅದನ್ನು ನನ್ನ ಕತ್ತಿಗೆ ಹಾಕಿದರು.

ಸೆಪ್ಟೆಂಬರ್ ೮

ಹೊಸ ಪಾಸ್‌ಪೋರ್ಟ್ ಬಂತು. ಒಂದು ಫೋಟೋ, ಒಂದು ಸಹಿ, ಅಷ್ಟೇ. ಬಾಬಾರ ಕೈಗೆ ಕೊಟ್ಟೆ.

ಮಾಮಾಳ ತಾಯಿಗೆ ಪಾರ್ಶ್ವವಾಯು ಹೊಡೆದಿದೆ, ಇನ್ನು ಇಲ್ಲಿಯೇ ಇರುತ್ತಾರೆ. ಇನ್ನೊಬ್ಬಳು ಬೇಕು, ನಂಬಿಕೆಯವಳು ಎಂದು ಮಾಮಾ ಹೇಳಿದಾಗ ನಾನು ಅಕ್ಕ ಕ್ಯಾಥರಿನಳ ಮಗಳು ಲೊರೈನಳ ಹೆಸರು ಹೇಳಿದೆ. ಟೈಪಿಂಗ್ ಕಲಿತು ಸುಮ್ಮನೆ ಕೂತಿದ್ದಾಳೆ. ನಾನು ಇನ್ನು ಎತ್ತುವ ಇಳಿಸುವ ಕೆಲಸ ಮಾಡಬೇಕಾಗಿಲ್ಲ, ಮೇಲ್ವಿಚಾರಣೆ ಮಾತ್ರ.

ಅಕ್ಟೋಬರ್ ೨೭

ಲೊರೈನ್ ಬಂದಳು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟನ್ನು ನಾನೇ ಅವಳ ಕೈಯಿಂದ ತೆಗೆದುಕೊಂಡೆ. ಚಿಕ್ಕವಳು, ಕಳೆದುಹಾಕಿಯಾಳು.

ಇವತ್ತು ಗಂಡಸರ ಬೈಠಕ್ಕಿನಲ್ಲಿ ದೊಡ್ಡ ಚರ್ಚೆ. ಹೊರಗಿನವರನ್ನು ಇನ್ನು ಕಡಿಮೆ ಮಾಡಬೇಕು, ಈ ದೇಶ ನಮ್ಮ ಕೈಯಿಂದಲೇ ನಡೆಯಬೇಕು ಎಂದು ಬಾಬಾ ಹೇಳುತ್ತಿದ್ದರು. ಎಲ್ಲರೂ ಹೌದೆಂದರು. ಚಹಾದ ಲೋಟಗಳನ್ನು ತೆಗೆಯಲು ಲೊರೈನಳನ್ನು ಕಳಿಸಿದೆ.

ಡಿಸೆಂಬರ್ ೧೩

ಲೊರೈನ್ ಬೆಳಿಗ್ಗೆಯಿಂದ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ಕ್ಯಾಥರಿನಳಿಗೆ ಹೊಟ್ಟೆಯಲ್ಲಿ ಗಡ್ಡೆಯಂತೆ, ಆಪರೇಶನ್ ಮಾಡಬೇಕಂತೆ, ಉಳಿಯುವುದು ಕಷ್ಟವಂತೆ. ಬೇಸರದ ಸುದ್ದಿಯೇ. ಆದರೆ ಇವಳು ಹೋದರೆ ಮಾಮಾಳ ತಾಯಿಯನ್ನು ಎತ್ತುವವರು ಯಾರು? ಮತ್ತೆ ನಾನೇ.

“ಮಾವ್ಶಿ, ಅಮ್ಮನನ್ನು ಒಂದು ಸಲ ನೋಡಿ ಬರ್ತೇನೆ. ನನ್ನ ಪಾಸ್‌ಪೋರ್ಟ್ ಕೊಡಿ” ಎಂದಳು.

ಪಾಸ್‌ಪೋರ್ಟ್ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಉಂಟು. ನಾನು ಕೊಟ್ಟದ್ದನ್ನು ಬಾಬಾ ಆಮೇಲೆ ನೋಡೋಣ ಎಂದು ಅಲ್ಲಿ ಹಾಕಿದವರು ಮರೆತಿದ್ದಾರೆ. ಅವಳು ದಿನಾ ಅದೇ ಡ್ರಾಯರಿನಿಂದ ಚಮಚ ತೆಗೆಯುತ್ತಾಳೆ.

ನಾನು ಕತ್ತಿನ ದಾರವನ್ನು ಹೊರಗೆ ತೆಗೆದು ತೋರಿಸಿದೆ.

“ಕಬ್ಬಿಣದ ಪೆಟ್ಟಿಗೆಯಲ್ಲಿ ಉಂಟು. ಬೀಗದ ಕೈ ಇದು. ಬಾಬಾ ಹೇಳದೆ ತೆಗೀಲಿಕ್ಕೆ ಆಗೋದಿಲ್ಲ ಮಗಾ, ಸಬ್ರ್.”

ಅವಳು ಬೀಗದ ಕೈಯನ್ನೇ ನೋಡುತ್ತಿದ್ದಳು. ಕಿತ್ತುಕೊಳ್ಳುವ ಹುಡುಗಿಯಲ್ಲ. ಒಳ್ಳೆಯ ಮನೆಯಲ್ಲಿ ಬೆಳೆದವಳು.

ಈಗ ಈ ಮನೆಯಲ್ಲಿ ಕನ್ನಡ ಓದುವವಳು ಇನ್ನೊಬ್ಬಳು ಇದ್ದಾಳೆ. ಆದ್ದರಿಂದ ಇಲ್ಲಿಗೆ ಸಾಕು, ಈ ಡೈರಿಯನ್ನು ಇವತ್ತೇ ಒಲೆಗೆ ಹಾಕುತ್ತೇನೆ. ಆಚೆ ಕೋಣೆಯಲ್ಲಿ ಗಂಟೆ ಬಾರಿಸುತ್ತಿದೆ. ಲೊರೈನ್ ಓಡುವ ಸದ್ದೂ ಕೇಳುತ್ತಿದೆ. ಹುಡುಗಿಯ ಕಾಲು ಚುರುಕಾಗಿದೆ.